ಯಾರ ಮಾತು ಸಾಕ್ಷ್ಯ? ಅಮೆರಿಕದ ಗುಲಾಮರ ಆತ್ಮಕಥನಗಳನ್ನು ಇತಿಹಾಸ ಓದಿದ ಬಗೆ

1853ರ ಜನವರಿಯಲ್ಲಿ ವಾಷಿಂಗ್ಟನ್ನಿನ ಒಂದು ಕೋರ್ಟಿನಲ್ಲಿ ಸಾಲೊಮನ್ ನಾರ್ಥಪ್ ನ್ಯಾಯ ಕೇಳಿ ನಿಂತಿದ್ದರು. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವತಂತ್ರರಾಗಿಯೇ ಹುಟ್ಟಿದ್ದ ಅವರನ್ನು 1841ರಲ್ಲಿ ಮೋಸದಿಂದ ಹಿಡಿದು ಮಾರಲಾಗಿತ್ತು. ಲೂಯಿಸಿಯಾನಾದ ಹತ್ತಿ, ಕಬ್ಬಿನ ತೋಟಗಳಲ್ಲಿ ವರ್ಷಗಟ್ಟಲೆ ದುಡಿದು ಆಗಷ್ಟೇ ಬಿಡುಗಡೆ ಪಡೆದಿದ್ದರು. ಅವರನ್ನು ಮಾರಿದ ವ್ಯಾಪಾರಿ ಜೇಮ್ಸ್ ಬರ್ಚ್ ಎದುರಿಗೇ ಇದ್ದ. ಆದರೆ ನಾರ್ಥಪ್ ಕರಿಯರೆಂಬ ಕಾರಣಕ್ಕೆ ಕೋರ್ಟು ಅವರ ಸಾಕ್ಷ್ಯವನ್ನು ತೆಗೆದುಕೊಳ್ಳಲಿಲ್ಲ. ಬರ್ಚ್ ಆರೋಪಮುಕ್ತನಾಗಿ ಹೊರಬಂದ. ಕೋರ್ಟು ಕೇಳದ ಮಾತು ಅದೇ ವರ್ಷ ವಕೀಲ ಡೇವಿಡ್ ವಿಲ್ಸನ್ ಬರವಣಿಗೆಯ ನೆರವಿನಿಂದ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಎಂಬ ಪುಸ್ತಕವಾಯಿತು.

ಗುಲಾಮರ ಆತ್ಮಕಥನಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ವಿದ್ವತ್ತಿನ ವಲಯದಲ್ಲಿ ಹುಟ್ಟಿದ್ದೆಂದು ನಾವು ಭಾವಿಸುತ್ತೇವೆ. ಅದು ಮೊದಲು ಹುಟ್ಟಿದ್ದು ಕಾನೂನಿನಲ್ಲಿ. ಯಾರಿಗೆ ಹಕ್ಕಿದೆ, ಯಾರ ಮಾತು ಸಾಕ್ಷ್ಯ ಎಂದು ಪ್ರಭುತ್ವ ಮೊದಲು ತೀರ್ಮಾನಿಸಿತು. ಇತಿಹಾಸಕಾರರು ಬಹುಕಾಲ ಅದೇ ತೀರ್ಮಾನವನ್ನು ಮುಂದುವರಿಸಿದರು.

ಈ ತೀರ್ಮಾನದ ಬೇರು ಇನ್ನೂ ಆಳದಲ್ಲಿದೆ. ಜೀವ, ಸ್ವಾತಂತ್ರ್ಯ, ಆಸ್ತಿ ಇವು ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ಹಕ್ಕುಗಳು, ಅವನ್ನು ಕಾಯುವುದಕ್ಕೆಂದೇ ಸರ್ಕಾರವಿರುವುದು ಎಂದು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ವಾದಿಸಿದ. ಅದೇ ಲಾಕ್, 1669ರಲ್ಲಿ ಕೆರೊಲಿನಾ ವಸಾಹತಿನ ಸಂವಿಧಾನ ಸಿದ್ಧವಾದಾಗ ಆ ವಸಾಹತಿನ ಒಡೆಯರ ಕಾರ್ಯದರ್ಶಿಯಾಗಿದ್ದ. ನೀಗ್ರೋ ಗುಲಾಮರ ಮೇಲೆ ಸ್ವತಂತ್ರ ಪ್ರಜೆಗೆ ಸಂಪೂರ್ಣ ಅಧಿಕಾರವಿದೆ ಎಂದು ಆ ದಾಖಲೆ ಸಾರಿತ್ತು. ತೊಡಕು ಇರುವುದು ‘ಆಸ್ತಿ’ಯಲ್ಲಿ. ಮನುಷ್ಯನನ್ನೇ ಆಸ್ತಿಯೆಂದು ಒಪ್ಪಿಕೊಂಡ ಮೇಲೆ, ಹಕ್ಕು ಕಾಯಬೇಕಾದ ಸರ್ಕಾರ ಒಡೆಯನ ಕಾವಲುಗಾರನಾಗುತ್ತದೆ. 1776ರ ಸ್ವಾತಂತ್ರ್ಯ ಘೋಷಣೆ ಎಲ್ಲರೂ ಸಮಾನರೆಂದಿತು. 1787ರ ಸಂವಿಧಾನ, ಪ್ರಾತಿನಿಧ್ಯದ ಲೆಕ್ಕದಲ್ಲಿ ಗುಲಾಮರನ್ನು ಐದನೇ ಮೂರು ಭಾಗವಾಗಿ ಎಣಿಸಿತು. ಓಡಿಹೋದವರನ್ನು ಹಿಂದಿರುಗಿಸಬೇಕೆಂದೂ ವಿಧಿಸಿತು. 1850ರ ಪಲಾಯಿತ ಗುಲಾಮರ ಕಾಯ್ದೆಯಂತೂ ಇದನ್ನು ನಾಚಿಕೆಯಿಲ್ಲದೆ ಬಿಡಿಸಿ ಬರೆಯಿತು. ಸಿಕ್ಕಿಬಿದ್ದವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿಲ್ಲ. ಅವನನ್ನು ಒಡೆಯನಿಗೆ ಒಪ್ಪಿಸಿದರೆ ವಿಚಾರಣಾಧಿಕಾರಿಗೆ 10 ಡಾಲರ್ ಶುಲ್ಕ, ಬಿಟ್ಟರೆ 5 ಡಾಲರ್.

ಇಂಥ ಸರ್ಕಾರವನ್ನು ಏನು ಮಾಡಬೇಕೆಂಬುದರಲ್ಲಿ ಗುಲಾಮಗಿರಿಯ ವಿರೋಧಿಗಳೇ ಒಡೆದುಹೋದರು. ವಿಲಿಯಂ ಲಾಯ್ಡ್ ಗ್ಯಾರಿಸನ್ 1854ರಲ್ಲಿ ಸಂವಿಧಾನದ ಪ್ರತಿಯನ್ನು ಬಹಿರಂಗವಾಗಿ ಸುಟ್ಟರು. ಮಾಜಿ ಗುಲಾಮ ಫ್ರೆಡರಿಕ್ ಡಗ್ಲಸ್ ಮಾತ್ರ ಅಷ್ಟರಲ್ಲಾಗಲೇ ಅವರಿಂದ ದೂರ ಸರಿದು, ಸರಿಯಾಗಿ ಓದಿದರೆ ಅದೇ ಸಂವಿಧಾನ ಗುಲಾಮಗಿರಿಗೆ ವಿರುದ್ಧವಾಗಿದೆ ಎಂದು ವಾದಿಸತೊಡಗಿದ್ದರು.

ಕೋರ್ಟು ಮುಚ್ಚಿದ ಬಾಗಿಲನ್ನು ಪುಸ್ತಕಗಳು ತಟ್ಟಿದವು. ಆದರೆ ಅಲ್ಲಿಯೂ ಜಾಮೀನು ಬೇಕಿತ್ತು. 1845ರಲ್ಲಿ ಬಂದ ಡಗ್ಲಸ್ ಆತ್ಮಕಥೆ ಗ್ಯಾರಿಸನ್ ಮತ್ತು ವೆಂಡೆಲ್ ಫಿಲಿಪ್ಸ್ ಎಂಬ ಇಬ್ಬರು ಬಿಳಿಯರ ದೃಢೀಕರಣ ಹೊತ್ತೇ ಬಂತು. ಎಚ್ಚರಿಕೆಗೆ ಕಾರಣವೂ ಇತ್ತು: 1838ರಲ್ಲಿ ಜೇಮ್ಸ್ ವಿಲಿಯಮ್ಸ್ ಹೇಳಿದ ಕಥನದ ಹೆಸರು, ಸ್ಥಳಗಳು ತಾಳೆಯಾಗುತ್ತಿಲ್ಲವೆಂದು ಗುಲಾಮಗಿರಿ ವಿರೋಧಿ ಸಂಘ ಆ ಪುಸ್ತಕವನ್ನೇ ಹಿಂತೆಗೆದುಕೊಂಡಿತ್ತು. ಡಗ್ಲಸ್ ಒಡೆಯರ ನಿಜ ಹೆಸರುಗಳನ್ನೇ ಬರೆದರು. ಕೂಡಲೇ ಥಾಂಪ್ಸನ್ ಎಂಬ ಬಿಳಿಯನೊಬ್ಬ ಇದೆಲ್ಲ ಸುಳ್ಳೆಂದು ಪತ್ರಿಕೆಗೆ ಬರೆದ. ಈ ಲೇಖಕನನ್ನು ಫ್ರೆಡರಿಕ್ ಬೈಲಿ ಎಂಬ ಅನಕ್ಷರಸ್ಥ ಗುಲಾಮನಾಗಿ ತಾನು ಬಲ್ಲೆನೆಂದೂ ಸೇರಿಸಿದ. ಡಗ್ಲಸ್ ಗುಲಾಮರಾಗಿದ್ದುದನ್ನು ಹೀಗೆ ಅವನೇ ಒಪ್ಪಿಕೊಂಡಂತಾಗಿ, ಡಗ್ಲಸ್ ಹೇಳಿದ್ದಕ್ಕೇ ಬಲ ಬಂತು.

1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿಯಿತು, ಅಪನಂಬಿಕೆ ಅಳಿಯಲಿಲ್ಲ. 1918ರಲ್ಲಿ ಪ್ರಕಟವಾಗಿ ದಶಕಗಳ ಕಾಲ ಪ್ರಮಾಣಗ್ರಂಥವೆನಿಸಿದ ಇತಿಹಾಸಕಾರ ಯು. ಬಿ. ಫಿಲಿಪ್ಸ್ ಅವರ ಕೃತಿ ತೋಟದ ಒಡೆಯರ ಲೆಕ್ಕಪುಸ್ತಕ, ಪತ್ರಗಳನ್ನು ನಂಬಿಕೊಂಡಿತು. ಗುಲಾಮರ ಕಥನಗಳನ್ನು ಪ್ರಚಾರಸಾಹಿತ್ಯವೆಂದು ಬದಿಗಿಟ್ಟಿತು. ಮನುಷ್ಯರನ್ನು ಕೊಂಡು ಮಾರಿದವನ ದಾಖಲೆ ನಿಷ್ಪಕ್ಷಪಾತ, ಮಾರಾಟವಾದವನ ಮಾತು ಪಕ್ಷಪಾತ ಎಂಬ ಈ ನಿಲುವನ್ನು ವಿದ್ವತ್ತು ಎನ್ನಲು ನನಗೆ ಮನಸ್ಸಾಗದು.

ಬದಲಾವಣೆ ಕರಿಯರ ಕಾಲೇಜುಗಳಿಂದ ಬಂತು. 1929ರ ಹೊತ್ತಿಗೆ ಸದರ್ನ್ ವಿಶ್ವವಿದ್ಯಾಲಯದ ಜಾನ್ ಕೇಡ್, ಫಿಸ್ಕ್ ವಿಶ್ವವಿದ್ಯಾಲಯದ ಒಫೀಲಿಯಾ ಸೆಟಲ್ ಬದುಕುಳಿದಿದ್ದ ಮಾಜಿ ಗುಲಾಮರ ಬಳಿಗೆ ಹೋಗಿ ಅವರ ಮಾತುಗಳನ್ನು ಬರೆದುಕೊಳ್ಳತೊಡಗಿದರು. 1936ರಿಂದ 1938ರವರೆಗೆ ಸರ್ಕಾರವೇ ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಟ್ಟ ಯೋಜನೆಯಡಿ 2,300ಕ್ಕೂ ಹೆಚ್ಚು ಸಂದರ್ಶನಗಳು ಸಂಗ್ರಹವಾದವು. ಒಂದು ಕಾಲಕ್ಕೆ ಇವರ ಬಾಯಿ ಕಟ್ಟಿದ್ದ ಪ್ರಭುತ್ವ ಈಗ ಕೇಳಲು ಕುಳಿತಿತ್ತು. ಕೇಳಿದವರಲ್ಲಿ ಹೆಚ್ಚಿನವರು ದಕ್ಷಿಣದ ಬಿಳಿಯರು ಎಂಬುದೇ ಅದರ ಮಿತಿ.

ಚಾರ್ಲ್ಸ್ಟನ್ನಿನ ವೃದ್ಧೆ ಸೂಸನ್ ಹ್ಯಾಮ್ಲಿನ್ ಅವರನ್ನು ಇಬ್ಬರು ಬೇರೆಬೇರೆಯಾಗಿ ಮಾತನಾಡಿಸಿದ್ದರು. ಬಿಳಿಯ ಮಹಿಳೆ ಜೆಸ್ಸಿ ಬಟ್ಲರ್ ಮುಂದೆ ಆಕೆ ತನ್ನ ಒಡೆಯ ಒಳ್ಳೆಯವನೆಂದು ಹೊಗಳಿದರು. ಕರಿಯ ಸಂದರ್ಶಕ ಆಗಸ್ಟಸ್ ಲ್ಯಾಡ್ಸನ್ ಮುಂದೆ ಚಾಟಿಯೇಟು, ತಾಯಿಯಿಂದ ಕಿತ್ತು ಮಾರಿದ ಮಕ್ಕಳು, ಅವರ ಗೋಳಾಟ ಇವೆಲ್ಲ ಹೊರಬಂದವು. ಇದನ್ನಿಟ್ಟುಕೊಂಡು ಸಂದರ್ಶನಗಳೇ ನಂಬಲರ್ಹವಲ್ಲ ಎನ್ನುವುದು ಸುಲಭ. ನನಗೆ ಕಾಣುವುದು ಬೇರೆ: ಯಾರೆದುರು ಎಷ್ಟು ಹೇಳಬಹುದೆಂಬ ಆ ಎಚ್ಚರವೇ ಗುಲಾಮಗಿರಿಯ ಬಗ್ಗೆ ಒಂದು ಸಾಕ್ಷ್ಯ.

1972ರಲ್ಲಿ ಜಾರ್ಜ್ ರಾವಿಕ್ ಈ ಸಂದರ್ಶನಗಳ ಸಂಪುಟಗಳನ್ನು ಹೊರತರತೊಡಗಿದರು. ಅದೇ ವರ್ಷ ಜಾನ್ ಬ್ಲಾಸಿಂಗೇಮ್ ಆತ್ಮಕಥನಗಳನ್ನೇ ಆಧಾರವಾಗಿಸಿ ಗುಲಾಮರ ಸಮುದಾಯ ಜೀವನದ ಚರಿತ್ರೆ ಬರೆದರು. ಆದರೆ ಆ ಬ್ಲಾಸಿಂಗೇಮ್ ಅವರೂ ಒಂದು ಪುಸ್ತಕವನ್ನು ತಳ್ಳಿಹಾಕಿದರು: 1861ರಲ್ಲಿ ‘ಲಿಂಡಾ ಬ್ರೆಂಟ್’ ಎಂಬ ಹೆಸರಿನಲ್ಲಿ ಬಂದ ಹ್ಯಾರಿಯೆಟ್ ಜೇಕಬ್ಸ್ ಆತ್ಮಕಥೆ. ಅದು ತೀರಾ ಅಚ್ಚುಕಟ್ಟಾಗಿದೆ, ಅತಿರಂಜಿತವಾಗಿದೆ ಎಂಬುದು ಅವರ ಆಕ್ಷೇಪ. ಒಡೆಯನ ಕಾಮದಿಂದ ತಪ್ಪಿಸಿಕೊಳ್ಳಲು ಹೆಣ್ಣೊಬ್ಬಳು ಅಜ್ಜಿಯ ಮನೆಯ ಕೊಟ್ಟಿಗೆಯ ಸೂರಿನಡಿ, ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಹೆಚ್ಚೆಂದರೆ ಮೂರು ಅಡಿ ಎತ್ತರದ ಗೂಡಿನಲ್ಲಿ ಹತ್ತಿರ ಹತ್ತಿರ ಏಳು ವರ್ಷ ಅಡಗಿದ್ದಳು ಎಂದರೆ ಯಾರು ನಂಬುತ್ತಾರೆ?

ವಿದ್ವಾಂಸೆ ಜೀನ್ ಫೇಗನ್ ಯೆಲಿನ್ ಇದರ ನಿಜಾಂಶ ಹುಡುಕಲು ಹೊರಟರು. ಗೆಳತಿ ಏಮಿ ಪೋಸ್ಟ್‌ಗೆ ಜೇಕಬ್ಸ್ ಬರೆದ ಪತ್ರಗಳು ಸಿಕ್ಕವು. ಪುಸ್ತಕ ಬರೆದ ಕೈ ಅದೇ ಎಂಬುದು 1981ರಲ್ಲಿ ರುಜುವಾತಾಯಿತು. ನಾರ್ತ್ ಕೆರೊಲಿನಾದ ಈಡೆಂಟನ್ ಊರಿನ ದಾಖಲೆಗಳಲ್ಲಿ ಕಥೆಯ ಮುಖ್ಯ ಪಾತ್ರಗಳು ನಿಜ ಹೆಸರುಗಳಲ್ಲಿ ಸಿಕ್ಕವು. ಒಡೆಯ ಡಾ. ಜೇಮ್ಸ್ ನಾರ್ಕಮ್ 1835ರಲ್ಲಿ ಪತ್ರಿಕೆಗೆ ಕೊಟ್ಟ ಜಾಹೀರಾತೂ ಉಳಿದಿದೆ. ಹಿಡಿದುಕೊಟ್ಟವರಿಗೆ 100 ಡಾಲರ್ ಇನಾಮು, ಅವಳು ಯಾವ ಕಾರಣವೂ ಇಲ್ಲದೆ ಓಡಿಹೋಗಿದ್ದಾಳೆ, ನಿರರ್ಗಳವಾಗಿ ಮಾತನಾಡಬಲ್ಲಳು. ಆಕೆಯ ಮಾತಿನ ಶಕ್ತಿಗೆ ಒಡೆಯನೇ ಬರೆದುಕೊಟ್ಟ ಈ ಸಾಕ್ಷಿ ಸುಮಾರು ನೂರೈವತ್ತು ವರ್ಷ ಯಾರ ಲೆಕ್ಕಕ್ಕೂ ಬರಲಿಲ್ಲ.

ಬೇರೆ ಕಥನಗಳೂ ದಾಖಲೆಗಳೊಂದಿಗೆ ತಾಳೆಯಾದವು. 1968ರಲ್ಲಿ ಸೂ ಈಕಿನ್ ಮತ್ತು ಜೋಸೆಫ್ ಲಾಗ್ಸ್‌ಡನ್ ನಾರ್ಥಪ್ ಪುಸ್ತಕದ ವಿವರಗಳನ್ನು ಲೂಯಿಸಿಯಾನಾದ ದಾಖಲೆಗಳೊಂದಿಗೆ ಹೋಲಿಸಿ ಖಚಿತಪಡಿಸಿದರು. 1980ರಲ್ಲಿ ಡಿಕ್ಸನ್ ಪ್ರೆಸ್ಟನ್ ಮೇರಿಲ್ಯಾಂಡಿನ ಒಡೆಯನೊಬ್ಬನ ಖಾತೆಪುಸ್ತಕದಲ್ಲಿ ಡಗ್ಲಸ್ ಹುಟ್ಟಿದ ತಿಂಗಳನ್ನೇ ಪತ್ತೆಹಚ್ಚಿದರು: 1818ರ ಫೆಬ್ರುವರಿ. ಡಗ್ಲಸ್‌ಗೆ ಅದು ಕೊನೆಯವರೆಗೂ ಗೊತ್ತಿರಲಿಲ್ಲ.

ಎಲ್ಲವೂ ಹೀಗೆ ಬಗೆಹರಿದಿಲ್ಲ. 1789ರಲ್ಲಿ ತನ್ನ ಕಥೆ ಬರೆದ ಒಲೌಡಾ ಇಕ್ವಿಯಾನೊ ಆಫ್ರಿಕದಲ್ಲಿ ಹುಟ್ಟಿದ್ದಾಗಿ ಹೇಳಿದ್ದರು. ದೀಕ್ಷಾಸ್ನಾನದ ದಾಖಲೆ ಮತ್ತು ನೌಕಾಪಡೆಯ ಪಟ್ಟಿಯಲ್ಲಿ ಜನ್ಮಸ್ಥಳ ಕೆರೊಲಿನಾ ಎಂದಿರುವುದನ್ನು ವಿನ್ಸೆಂಟ್ ಕರೆಟಾ 1999ರಲ್ಲಿ ತೋರಿಸಿದರು. ಪಾಲ್ ಲವ್‌ಜಾಯ್ ಮೊದಲಾದವರು ಒಪ್ಪಲಿಲ್ಲ. ಈ ವಾದ ಆರೋಗ್ಯಕರ, ಏಕೆಂದರೆ ಇಲ್ಲಿ ಕಥನ ಮತ್ತು ದಾಖಲೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತಿದೆ.

ಗುಲಾಮರು ಹೇಳಿದ್ದೆಲ್ಲ ಸತ್ಯವೆಂದು ಕಣ್ಣುಮುಚ್ಚಿ ನಂಬಬೇಕಿಲ್ಲ. ಒಡೆಯನ ಕಾಗದವನ್ನೂ ಅಷ್ಟೇ ಅನುಮಾನದಿಂದ ಓದಬೇಕು. ಸರ್ಕಾರಿ ಯೋಜನೆಯ ಸಂದರ್ಶನಗಳನ್ನು, ಆ ವೃದ್ಧರ ಛಾಯಾಚಿತ್ರಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅವುಗಳ ಬಗ್ಗೆ ಬರೆದವರನ್ನು ಓದುವ ಮೊದಲು ಅವನ್ನೇ ಓದಿ.