ಫಣಿಯಮ್ಮ: ತಾಯಂದಿರ ಬಾಯಿಂದ ತೆರೆಗೆ



ಬಹರೈನಿನಲ್ಲಿ ಬೆಳೆಯುತ್ತಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರಾದರೂ ಲೂಯಿಸಾ ಮೇ ಆಲ್ಕಾಟರ 'ಲಿಟಲ್ ವಿಮೆನ್' (1868) ಓದಿರಬಹುದು. 1994ರಲ್ಲಿ ಅದನ್ನು ತೆರೆಗೆ ತಂದವರು ಜಿಲಿಯನ್ ಆರ್ಮ್‌ಸ್ಟ್ರಾಂಗ್ ಎಂಬ ಮಹಿಳೆ. ಸ್ತ್ರೀ ಬರೆದ ಸ್ತ್ರೀಯರ ಕಥೆಯನ್ನು ಸ್ತ್ರೀಯೇ ಚಿತ್ರವಾಗಿಸುವ ಕೆಲಸ ಕನ್ನಡದಲ್ಲಿ ಅದಕ್ಕೆ ಹನ್ನೊಂದು ವರ್ಷ ಮೊದಲೇ ನಡೆದಿತ್ತು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಿತ್ರವಾಗಿಸಿದರು.

ಆಲ್ಕಾಟರ ನಾಲ್ವರು ಸೋದರಿಯರು ಜಗಳವಾಡುತ್ತ, ನಾಟಕವಾಡುತ್ತ ದೊಡ್ಡವರಾಗುತ್ತಾರೆ. ಮಲೆನಾಡಿನ ಫಣಿಯಮ್ಮನಿಗೆ ಆ ಭಾಗ್ಯವೆಲ್ಲಿ? ಮದುವೆಯೆಂದರೇನೆಂದು ತಿಳಿಯುವ ಮೊದಲೇ ವೈಧವ್ಯ. ಮೈನೆರೆದಾಗ ಆರತಿಯ ಬದಲು ಕ್ಷೌರದ ಕತ್ತಿ. ಇದು ಕಟ್ಟುಕಥೆಯಲ್ಲ. ಆಕೆ ತಮ್ಮ ಬಾಳನ್ನು ಇಂದಿರಾ ಅವರ ತಾಯಿಗೆ ಹೇಳಿಕೊಂಡಿದ್ದರು. ತಾಯಿಯಿಂದ ಅದು ಮಗಳಿಗೆ ಬಂತು.

ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಇದಕ್ಕೆ ದೊರೆಯಿತು. ಆದರೆ ಪ್ರಶಸ್ತಿಯ ಮಾತು ಹಾಗಿರಲಿ. ನನ್ನನ್ನು ಹಿಡಿದು ನಿಲ್ಲಿಸುವುದು ದಾಕ್ಷಾಯಿಣಿಯ ಪ್ರಸಂಗ. ಈ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲಾರೆನೆಂದು ಹಟ ಹಿಡಿಯುತ್ತಾಳೆ. ಮನೆಯವರೆಲ್ಲ ಕಂಗಾಲು. ಬದುಕಿಡೀ ಮಡಿಯಲ್ಲಿ ಸವೆದ ಫಣಿಯಮ್ಮನೇ ಅವಳಿಗೆ ಬುದ್ಧಿ ಹೇಳಬೇಕೆಂದು ಯಾರಾದರೂ ನಿರೀಕ್ಷಿಸುವಂಥ ಗಳಿಗೆ. ಎಲ್.ವಿ. ಶಾರದಾ ಅಭಿನಯಿಸಿದ ಆ ಬೋಳುದಲೆಯ ಮುದುಕಿ ನಿಲ್ಲುವುದು ಹುಡುಗಿಯ ಪಕ್ಕದಲ್ಲಿ.