ಗದ್ದೆ ಕಟಕಟೆ ಏರಿದ ಕಾಲ

ನಾಟಿ ಮಾಡಿದ ಗದ್ದೆಗೆ ಕಾಲಿಟ್ಟರೆ ಕೆಸರಿನಿಂದ ಗುಳುಗುಳು ಗುಳ್ಳೆ ಏಳುತ್ತದೆ, ನೋಡಿದ್ದೀರಾ? ಚಿಕ್ಕವರಿದ್ದಾಗ ನಾವದನ್ನು ಏಡಿಯ ಉಸಿರು ಅಂದುಕೊಂಡಿದ್ದೆವು. ಗುಳ್ಳೆಯೊಳಗೆ ಇರುವುದರಲ್ಲಿ ಹೆಚ್ಚಿನದು ಮೀಥೇನ್. ನಿಂತ ನೀರಿನಡಿ ಗಾಳಿ ಸಿಗದೆ ಕೊಳೆಯುವ ಕೂಳೆ, ಬೇರುಗಳಿಂದ ಹುಟ್ಟುವ ಅನಿಲ. ಹಸು ಮೆಲುಕು ಹಾಕಿ ತೇಗಿದಾಗ ಹೊರಬರುವುದೂ ಅದೇ. 1990ರಲ್ಲಿ ಈ ಗುಳ್ಳೆ ಮತ್ತು ಈ ತೇಗು ಎರಡೂ ಅಂತರರಾಷ್ಟ್ರೀಯ ವ್ಯಾಜ್ಯವಾದವು.

ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಅಧ್ಯಯನ ಮಾಡಲು ಐಪಿಸಿಸಿ ಎಂಬ ಸಮಿತಿ ಹುಟ್ಟಿದ್ದು 1988ರಲ್ಲಿ. ಎಲ್ಲ ದೇಶಗಳೂ ಸೇರಿ ಒಪ್ಪಂದ ಮಾಡಿಕೊಳ್ಳಬೇಕು ಎಂಬ ಮಾತು ಶುರುವಾಯಿತು. ಒಪ್ಪಂದ ಅಂದಮೇಲೆ ಮೊದಲ ಪ್ರಶ್ನೆ ತಪ್ಪು ಯಾರದು, ಎಷ್ಟು ಎಂಬುದೇ ತಾನೆ? ಆ ಹೊತ್ತಿಗೆ ಸರಿಯಾಗಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಒಂದು ಪಟ್ಟಿ ಹೊರತಂದಿತು. ವಾತಾವರಣ ಕೆಡಿಸಿದ ಮೊದಲ ಐದು ದೇಶಗಳಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟದ ಜೊತೆಗೆ ಬ್ರೆಜಿಲ್, ಚೀನಾ, ಭಾರತವೂ ಇದ್ದವು. ಬ್ರೆಜಿಲ್ ಮೇಲಿನ ಆರೋಪ ಕಾಡು ಸುಟ್ಟಿದ್ದು. ನಮ್ಮ ಮೇಲಿನ ಆರೋಪದಲ್ಲಿ ದೊಡ್ಡ ಪಾಲು ಭತ್ತದ್ದು, ದನದ್ದು.

ಇದಕ್ಕೆ ಉತ್ತರ ಕೊಟ್ಟವರು ಯಾವ ಮಂತ್ರಿಯೂ ಅಲ್ಲ, ಒಬ್ಬ ಪತ್ರಕರ್ತ. ಅನಿಲ್ ಅಗರ್ವಾಲ್ ಕಾನ್ಪುರ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ ಪತ್ರಿಕೆ ಸೇರಿದವರು, 1980ರಲ್ಲಿ ದೆಹಲಿಯಲ್ಲಿ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಕಟ್ಟಿದವರು. ಕನ್ನಡಕ್ಕೆ ಅವರ ಪರಿಚಯ ಹಳೆಯದು. ಅವರ ಬಳಗ 1982ರಲ್ಲಿ ತಂದ ಭಾರತದ ಪರಿಸರ ವರದಿಯನ್ನು ಕನ್ನಡಕ್ಕೆ ತಂದವರು ಸ್ವತಃ ಶಿವರಾಮ ಕಾರಂತರು. 1991ರ ಜನವರಿಯಲ್ಲಿ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಸಣ್ಣ ಪುಸ್ತಿಕೆ ಬರೆದು, ವಾಷಿಂಗ್ಟನ್ನಿನ ಲೆಕ್ಕವನ್ನು ಅದೇ ಲೆಕ್ಕದ ಅಂಕಿಗಳಿಂದಲೇ ಬಿಚ್ಚಿಟ್ಟರು. ಅದಕ್ಕೆ ಅವರು ಇಟ್ಟ ಹೆಸರು ಪರಿಸರದ ವಸಾಹತುಶಾಹಿ.

ಆ ವಾದವನ್ನು ನಮ್ಮೂರಿನ ಗೋಮಾಳದ ಮೇಲಿಟ್ಟು ನೋಡೋಣ. ನೂರು ಎಕರೆ ಗೋಮಾಳ ಇದೆ ಎನ್ನಿ. ಸಾಹುಕಾರನಿಗೆ ಐವತ್ತು ಎಮ್ಮೆ, ಉಳಿದ ಐವತ್ತು ಮನೆಗೆ ಒಂದೊಂದು. ಪಂಚಾಯಿತಿಗೆ ಕೂತವರು ಯಾರ ದನ ಎಷ್ಟು ಮೇಯುತ್ತಿವೆಯೋ ಅಷ್ಟು ಜಾಗ ಅವರಿಗೆ ಎಂದುಬಿಟ್ಟರೆ ಅರ್ಧ ಗೋಮಾಳ ಸಾಹುಕಾರನಿಗೆ ಹೋಯಿತು. ನಾವು ಹೊರಬಿಡುವ ಅನಿಲದ ಒಂದು ಭಾಗವನ್ನು ಸಮುದ್ರ, ಕಾಡು, ಗಾಳಿ ಅರಗಿಸಿಕೊಳ್ಳುತ್ತವೆ. ಭೂಮಿಯ ಈ ಗೋಮಾಳವನ್ನು ವಾಷಿಂಗ್ಟನ್ನಿನವರು ಹಂಚಿದ್ದು ಹೀಗೆಯೇ: ಹೆಚ್ಚು ಹೊಗೆ ಬಿಟ್ಟವನಿಗೆ ಹೆಚ್ಚು ರಿಯಾಯಿತಿ. ತಲೆಗಿಷ್ಟು ಎಂದು ಹಂಚಿ ನೋಡಿ, ಭಾರತ ತನ್ನ ಪಾಲನ್ನು ಮೀರಿಯೇ ಇಲ್ಲ ಎಂದರು ಅಗರ್ವಾಲ್. ಇನ್ನೊಂದು ಮಾತನ್ನೂ ಕೇಳಿದರು. ಹೊಟ್ಟೆಪಾಡಿಗೆ ಎರಡೆಕರೆ ಭತ್ತ ಬೆಳೆಯುವವನ ಮೀಥೇನನ್ನೂ ಶೋಕಿಗೆ ಓಡುವ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ?

ನ್ಯಾಯದ ಮಾತು ಹಾಗಿರಲಿ, ತೂಕವೇ ತಪ್ಪಾಗಿತ್ತು. ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಬರುತ್ತದೆ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಹೊರದೇಶದ ಗದ್ದೆಯಲ್ಲಿ ಅಳೆದದ್ದನ್ನು ನಮ್ಮ ಎಕರೆಗಳಿಂದ ಗುಣಿಸಿದರೆ ಬರುವ ಬಗೆಯ ಲೆಕ್ಕ. 1991ರಲ್ಲಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಎ. ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ವಿಜ್ಞಾನಿಗಳು ಭತ್ತದ ಸೀಮೆಗಳಿಗೇ ಹೋಗಿ ಅಳೆದರು. ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಹತ್ತರಲ್ಲಿ ಒಂದು ಪಾಲು! ಕಾರಣ ನಮ್ಮ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ. ಮಳೆ ನಂಬಿದ ಗದ್ದೆಯಲ್ಲಿ ನೀರು ಬೆಳೆಯುದ್ದಕ್ಕೂ ನಿಲ್ಲುವುದಿಲ್ಲ, ನಡುನಡುವೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಗಾಳಿ ಆಡಿದರೆ ಮೀಥೇನ್ ಹುಟ್ಟುವುದು ನಿಲ್ಲುತ್ತದೆ.

1992ರಲ್ಲಿ ರಿಯೋ ಡಿ ಜನೈರೋದಲ್ಲಿ ಸಹಿಯಾದ ಒಪ್ಪಂದದಲ್ಲಿ ಭಾರತದಂಥ ದೇಶಗಳ ವಾದಕ್ಕೆ ಒಂದು ಸಾಲಿನ ಜಾಗ ಸಿಕ್ಕಿತು. ಹೊಣೆ ಎಲ್ಲರದು, ಆದರೆ ಒಂದೇ ಸಮ ಅಲ್ಲ. ತಲೆಗಿಷ್ಟು ಎಂಬ ಲೆಕ್ಕ ಮಾತ್ರ ಒಪ್ಪಂದಕ್ಕೆ ಇಳಿಯಲಿಲ್ಲ. 1997ರ ಕ್ಯೋಟೋ ಒಡಂಬಡಿಕೆಯಲ್ಲಿ ಶ್ರೀಮಂತ ದೇಶಗಳು 2008ರಿಂದ 2012ರೊಳಗೆ ತಮ್ಮ ಹೊಗೆಯನ್ನು 1990ರ ಮಟ್ಟಕ್ಕಿಂತ ಸರಾಸರಿ ಶೇ. 5.2ರಷ್ಟು ಇಳಿಸಲು ಒಪ್ಪಿದವು. ಬಡ ದೇಶಗಳಿಗೂ ಕಟ್ಟುಪಾಡು ಇಲ್ಲದಿದ್ದರೆ ಸಹಿ ಬೇಡ ಎಂದು ಅಮೆರಿಕದ ಸೆನೆಟ್ ಅದಕ್ಕೂ ಮೊದಲೇ 95-0 ಮತಗಳಿಂದ ನಿರ್ಣಯಿಸಿತ್ತು. ಅಮೆರಿಕ ಅದನ್ನು ಕೊನೆಗೂ ಅನುಮೋದಿಸಲಿಲ್ಲ. 2011ರಲ್ಲಿ ಕೆನಡಾ ಎದ್ದು ಹೋಯಿತು. 2015ರ ಪ್ಯಾರಿಸ್ ಒಪ್ಪಂದದ ಹೊತ್ತಿಗೆ, ಯಾರು ಎಷ್ಟು ಇಳಿಸಬೇಕೆಂದು ಯಾರೂ ಯಾರಿಗೂ ಹೇಳುವುದು ಬೇಡ, ಅವರವರ ಗುರಿ ಅವರವರೇ ಬರೆದುಕೊಳ್ಳಲಿ ಎಂಬಲ್ಲಿಗೆ ಬಂದು ನಿಂತಿತು.

ಕ್ಯೋಟೋದ ಒಂದು ಎಳೆ ಮಾತ್ರ ನಮ್ಮ ನಾಡಿನ ಅಡುಗೆಮನೆಯವರೆಗೂ ಬಂದಿತ್ತು. ಶ್ರೀಮಂತ ದೇಶ ತನ್ನಲ್ಲಿ ಹೊಗೆ ಇಳಿಸುವ ಬದಲು ಬಡ ದೇಶದಲ್ಲಿ ಇಳಿಸಿದ್ದನ್ನು ದುಡ್ಡು ಕೊಟ್ಟು ತನ್ನ ಖಾತೆಗೆ ಬರೆದುಕೊಳ್ಳುವ ಏರ್ಪಾಟು, ಸಿಡಿಎಂ. ಅದರಡಿ 2005ರಲ್ಲಿ ನೋಂದಣಿಯಾದ ಯೋಜನೆಗಳಲ್ಲಿ ಬಾಗೇಪಲ್ಲಿ ಕೂಲಿ ಸಂಘದ್ದೂ ಒಂದು. ಆಗಿನ್ನೂ ಅದು ಕೋಲಾರ ಜಿಲ್ಲೆ. 5,500 ಕೂಲಿ ಕುಟುಂಬಗಳಿಗೆ ಗೋಬರ್ ಗ್ಯಾಸ್, ಮನೆಯೊಂದಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಉಳಿತಾಯ ಎಂಬ ಲೆಕ್ಕ. ಸೌದೆಯ ಹೊಗೆ ಹೋಗಿ ಹೆಂಗಸರ ಕಣ್ಣು ತಂಪಾದರೆ ಅದು ಸಣ್ಣ ಮಾತಲ್ಲ. ಆದರೂ ನನಗೆ ಇದನ್ನು ಪೂರ್ತಿ ಒಪ್ಪಲಾಗುವುದಿಲ್ಲ. ಹದಿನೈದು ವರ್ಷದ ಹಿಂದೆ ಕಟಕಟೆಯಲ್ಲಿ ನಿಲ್ಲಿಸಿದ ಅದೇ ಹಸುವಿನ ಸಗಣಿಯಿಂದ, ಎಲ್ಲೋ ದೂರದಲ್ಲಿ ಅಷ್ಟೇ ಹೊಗೆ ಬಿಡಲು ಪರವಾನಗಿ ಹುಟ್ಟಿತು. ಆಮೇಲೆ ಆ ಸಂತೆಯೂ ಬಿದ್ದುಹೋಯಿತು. 2008ರಲ್ಲಿ ಟನ್ನಿಗೆ 20 ಯೂರೋ ಮುಟ್ಟಿದ್ದ ದರ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು.

ಅಗರ್ವಾಲ್ 2002ರಲ್ಲಿ ತೀರಿಕೊಂಡರು. ಅವರ ಲೆಕ್ಕ ಉಳಿಯಿತು, ಈಗ ದೆಹಲಿಯ ಸರ್ಕಾರಗಳ ಬಾಯಲ್ಲಿ. 2007ರಲ್ಲಿ ಜರ್ಮನಿಯ ಸಭೆಯೊಂದರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಭಾರತದ ತಲಾ ಹೊಗೆ ಮುಂದುವರಿದ ದೇಶಗಳ ತಲಾ ಹೊಗೆಯನ್ನು ಎಂದೂ ಮೀರದು ಎಂದು ಮಾತು ಕೊಟ್ಟರು. ಇಂದಿಗೂ ನಮ್ಮದು ತಲೆಗೆ ಸುಮಾರು 2 ಟನ್, ಅಮೆರಿಕದ್ದು ಸುಮಾರು 14. ಮಾತು ಉಳಿದಿದೆ. ಆದರೆ ಅದೇ 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಒಂದು ವರದಿ ತಂದು, ಬಡವರ ಬೆನ್ನ ಹಿಂದೆ ಅಡಗಿದವರು ಎಂಬರ್ಥದ ಹೆಸರಿಟ್ಟಿತು. ತಿಂಗಳಿಗೆ 30 ಸಾವಿರ ರೂಪಾಯಿ ಮೀರಿ ಗಳಿಸುವವರು 3 ಸಾವಿರದೊಳಗೆ ಬದುಕುವವರಿಗಿಂತ ನಾಲ್ಕೂವರೆ ಪಟ್ಟು ಹೊಗೆ ಬಿಡುತ್ತಾರೆ ಎಂದಿತು ಅದು. ಬಾಗೇಪಲ್ಲಿಯ ಒಲೆಯನ್ನೂ ಬೆಂಗಳೂರಿನ ಎಸಿಯನ್ನೂ ಕೂಡಿಸಿ ಭಾಗಿಸಿದಾಗಲೇ ಎರಡು ಟನ್ ಎಂಬ ಸರಾಸರಿ ಬರುವುದು. ದೇಶದೇಶಗಳ ನಡುವೆ ಗೋಮಾಳ ಹಂಚಿದ ಬಗೆಯನ್ನು ಪ್ರಶ್ನಿಸಿದ ನಾವು, ನಮ್ಮ ಪಾಲಿಗೆ ಬಂದ ತುಂಡಿನಲ್ಲಿ ಯಾರ ದನ ಮೇಯುತ್ತಿವೆ ಎಂದು ಇನ್ನೂ ಎಣಿಸಿಲ್ಲ.