ಧೂಪದಾಳದ ಅತಿಥಿಗಳ ತವರು

ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 19ನೇ ಶತಮಾನದ ಕೊನೆಗೆ ಬ್ರಿಟಿಷರು ಘಟಪ್ರಭೆಗೆ ಒಡ್ಡು ಕಟ್ಟಿದ್ದು ಹೊಲಗಳಿಗೆ ನೀರುಣಿಸಲು. ಹಕ್ಕಿಗಳ ಯೋಚನೆ ಅವರಿಗಿರಲಿಲ್ಲ. ನಿಂತ ನೀರನ್ನು ಅರಸಿ ಚಳಿಗಾಲದಲ್ಲಿ ಬಿಳಿ ಕೊಕ್ಕರೆ, ಕರ್ಕರ ಕೊಕ್ಕರೆಗಳು ಬಂದಿಳಿದವು. 1974ರಲ್ಲಿ ಇದು ಪಕ್ಷಿಧಾಮವಾಯಿತು. ಆದರೆ ಈ ಎರಡರ ಗೂಡು ಇಲ್ಲಿ ಹುಡುಕಿದರೂ ಸಿಗದು. ಕರ್ಕರ ಮೊಟ್ಟೆಯಿಡುವುದು ಹಿಮಾಲಯದಾಚೆ, ಮಂಗೋಲಿಯಾ, ಕಜಾಕಸ್ತಾನಗಳ ಹುಲ್ಲುಬಯಲಿನ ಬರಿ ನೆಲದ ಮೇಲೆ. ಅದೂ ಸಾಮಾನ್ಯವಾಗಿ ಎರಡೇ.

ಬಿಳಿ ಕೊಕ್ಕರೆ ಯುರೋಪಿನಲ್ಲಿ ಮನೆಗಳ ಮಾಡಿನ ಮೇಲೆಯೇ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ಅದು ಎಲ್ಲಿ ಮಾಯವಾಗುತ್ತದೆಂಬುದು ಅಲ್ಲಿಯವರಿಗೂ ಬಹುಕಾಲ ಒಗಟಾಗಿತ್ತು. 1822ರಲ್ಲಿ ಜರ್ಮನಿಯಲ್ಲಿ ಸಿಕ್ಕ ಕೊಕ್ಕರೆಯೊಂದರ ಕುತ್ತಿಗೆಯಲ್ಲಿ ಆಫ್ರಿಕಾದ ಬಾಣ ನಾಟಿತ್ತು. ಪಾಪ, ಗಾಯದೊಡನೆಯೇ ಖಂಡ ದಾಟಿ ಬಂದಿತ್ತು! 1899ರಲ್ಲಿ ಡೆನ್ಮಾರ್ಕಿನ ಶಿಕ್ಷಕ ಮಾರ್ಟೆನ್ಸನ್ ಹಕ್ಕಿಗಳ ಕಾಲಿಗೆ ಸಂಖ್ಯೆ ಕೊರೆದ ಅಲ್ಯೂಮಿನಿಯಂ ಬಳೆ ತೊಡಿಸಿದರು. ಬಳೆಯ ಹಕ್ಕಿ ಎಲ್ಲಿ ಸಿಕ್ಕರೂ ಅದು ಹೊರಟ ಊರು ತಿಳಿಯುವಂತಾಯಿತು.